ಮೊದಲ ಲೋಟ ಮಾಲೀಕರ ಕೈಯಿಂದ

ಗೇರ್ ಬಾಕ್ಸಿಗೆ ಹೊಸ ಎಣ್ಣೆ ಹಾಕುವಾಗ ಮೊದಲ ಲೋಟವನ್ನು ಗಾಡಿಯ ಮಾಲೀಕರೇ ಕೈಯಾರೆ ಸುರಿಯಬೇಕು ಎನ್ನುವುದು ಗೋಕಾಕದ ಆ ಮಿಸ್ತ್ರಿಯ ಪದ್ಧತಿ. ಅದಕ್ಕೆಂದೇ ಒಂದು ಸ್ಟೀಲಿನ ಲೋಟ ಇಟ್ಟಿದ್ದಾರೆ. ಗ್ಯಾರೇಜಿನ ಗೋಡೆಯ ಮೊಳೆಗೆ ಅದು ಬೋರಲಾಗಿ ನೇತಾಡುತ್ತಿರುತ್ತದೆ. ಎಷ್ಟು ದೊಡ್ಡ ಮನುಷ್ಯನೇ ಬಂದಿರಲಿ, ಬಿಳಿ ಧೋತರ ಉಟ್ಟವರಿರಲಿ, ಅವರ ಕೈಗೆ ಲೋಟ ಕೊಟ್ಟು ಲಾಳಿಕೆಯ ಮುಂದೆ ನಿಲ್ಲಿಸುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ, "ಗಾಡಿ ನಿಮ್ದು. ಒಳಗ ಏನ ಹೊಕ್ಕೈತಿ ಅನ್ನೂದು ನಿಮ್ಮ ಕಣ್ಣಿಗೂ ಗೊತ್ತಿರಲಿ, ಕೈಗೂ ಗೊತ್ತಿರಲಿ," ಎನ್ನುತ್ತಿದ್ದರು.

ನನ್ನ ಕಾರಿಗೂ ಮೊದಲ ಲೋಟ ಸುರಿದದ್ದು ನಾನೇ, ಇದೇ ಬಲಗೈಯಿಂದ. ಹೇಳಲೇಬೇಕಾದ ದಿನ, ಕೇಳಬೇಕಾದವರು ಎದುರಿಗೇ ನಿಂತಿದ್ದಾಗ, ಈ ಒಂದು ಮಾತನ್ನು ನಾನು ಹೇಳಲಿಲ್ಲ. ಈಗ ಕುಳಿತು ಬರೆಯುತ್ತಿದ್ದೇನೆ. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಎನ್ನುವುದೂ ನನಗೆ ಗೊತ್ತಿದೆ.

ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು. ಮನೆ ಗೋಕಾಕದಲ್ಲಿ, ತವರು ಹುಕ್ಕೇರಿಯಲ್ಲಿ. ಹದಿನೆಂಟು ವರ್ಷ ಬಸ್ಸಿನಲ್ಲೇ ಓಡಾಡಿದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಮಕ್ಕಳು ಹತ್ತಿದರೆಂದರೆ ಆಮೇಲೆ ಒಂಟಿ ಕಾಲಿನ ಪ್ರಯಾಣ. ಸಾಕಾಗಿ ಹೋಗಿತ್ತು. ಕಾರು ತಗೊಳ್ಳುತ್ತೇನೆ ಎಂದಾಗ ಮನೆಯವರು, "ಗೇರಿಲ್ಲದ್ದು ತಗೋ, ನಿನಗ ಸುಲಭ ಆಗತೈತಿ," ಎಂದರು. ಆ "ನಿನಗ" ಎನ್ನುವ ಮಾತು ನನ್ನನ್ನು ಕೆಣಕಿತು. ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ. ಕೊಲ್ಹಾಪುರದ ಒಬ್ಬ ವಯಸ್ಸಾದ ಡಾಕ್ಟರರು ಮೊಣಕಾಲು ನೋವಿನಿಂದ ತಮ್ಮ ಹಳೆಯ ಸ್ಪೋರ್ಟ್ಸ್ ಕಾರು ಮಾರುತ್ತಿದ್ದಾರೆ ಎಂದು ಗೊತ್ತಾಯಿತು. ಕೆಂಪು ಬಣ್ಣ, ಎರಡೇ ಸೀಟು, ತೆಗೆದಿಡಬಹುದಾದ ಚಾವಣಿ, ಕೈಯಿಂದ ಹಾಕುವ ಐದು ಗೇರು. ಹೋಗಿ ಅದನ್ನೇ ತಂದುಬಿಟ್ಟೆ.

ಮೊದಲ ತಿಂಗಳು ಊರಿಗೆಲ್ಲ ನಾನು ಪುಕ್ಕಟೆ ನಾಟಕವಾದೆ. ತುಕ್ಕಾನಟ್ಟಿಯ ಹತ್ತಿರ ಕಬ್ಬಿನ ಗಾಡಿ ಅಡ್ಡ ನಿಂತಿದ್ದಾಗ ಅದರ ಮೇಲೆ ಕುಳಿತಿದ್ದವನೊಬ್ಬ, "ಬಾಯಾರ, ಉಳದ ಅರ್ಧಾ ಗಾಡಿ ಹಿಂದ ಬರಾಕತ್ತೈತೇನ್ರಿ?" ಎಂದು ಕೇಳಿದ. ನಮ್ಮ ಕಡೆ ಶಾಲೆ ಕಾಲೇಜಿನಲ್ಲಿ ಕಲಿಸುವ ಹೆಂಗಸರನ್ನು ಬಾಯಾರು ಎಂದೇ ಕರೆಯುವುದು. ರಸ್ತೆಯ ಉಬ್ಬುಗಳಲ್ಲಿ ಕಾರಿನ ಹೊಟ್ಟೆ ತಾಗುತ್ತಿತ್ತು. ಓರೆಯಾಗಿ ದಾಟಿಸುವುದನ್ನು ಕಲಿತೆ. ಪೆಟ್ರೋಲ್ ಹಾಕಿಸುವಾಗ ಕೀಲಿಕೈ ನನ್ನ ಕೈಯಲ್ಲಿದ್ದರೂ ಜನ ಮೈಲೇಜ್ ಕೇಳುತ್ತಿದ್ದದ್ದು ಪಕ್ಕದಲ್ಲಿ ಕುಳಿತ ಮನೆಯವರನ್ನು. ಅವರಿಗೆ ಕ್ಲಚ್ ಯಾವುದು ಬ್ರೇಕ್ ಯಾವುದು ಎನ್ನುವುದೇ ಸರಿಯಾಗಿ ಗೊತ್ತಿಲ್ಲ.

ನಗದೆ ಇದ್ದವರು ಒಬ್ಬರೇ, ಆ ಮಿಸ್ತ್ರಿ. ಹುಕ್ಕೇರಿಯ ನಮ್ಮ ಅಣ್ಣ ಕಬ್ಬು ಸಾಗಿಸುವ ಗುತ್ತಿಗೆದಾರ. ಅವನ ಇಪ್ಪತ್ತರ ಹತ್ತಿರ ಟ್ರ್ಯಾಕ್ಟರುಗಳ ಗೇರ್ ಬಾಕ್ಸ್ ಕೆಲಸವನ್ನೆಲ್ಲ ಮಾಡುತ್ತಿದ್ದವರು ಈ ಗೋಕಾಕದ ಮಿಸ್ತ್ರಿ. ಅಣ್ಣ ಅವರನ್ನು ಚಾಚಾ ಎನ್ನುತ್ತಿದ್ದ, ನಾನೂ ಚಾಚಾ ಎಂದೆ. ನಾನು ಮೊದಲ ಸಲ ಕಾರು ಒಯ್ದಾಗ ಚಾಚಾ ಬಾನೆಟ್ ತೆಗೆಯಲಿಲ್ಲ, ಬಣ್ಣ ನೋಡಲಿಲ್ಲ. ಎಂಜಿನ್ ಚಾಲೂ ಇಡಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ, "ಛಲೋ ಗಾಡಿ ತಂದೀರಿ ಬಾಯಾರ. ಇಟ್ಟವರು ಜ್ವಾಕಿಲೆ ಇಟ್ಟಾರ. ಇನ್ನ ನಿಮ್ಮ ಕೈಯಾಗ ಐತಿ," ಎಂದರು. ನನ್ನನ್ನು ಗಾಡಿಯ ಮಾಲೀಕಳೆಂದು ಮಾತಾಡಿಸಿದ ಮೊದಲ ಮನುಷ್ಯ ಅವರು. ಇದನ್ನು ನೆನೆದಾಗ ಈಗಲೂ ನಾಚಿಕೆಯಾಗುತ್ತದೆ.

ಚಳಿಗಾಲದಲ್ಲಿ ಬೆಳಗಿನ ಹೊತ್ತು ಗೇರು ಬೀಳಲು ಸ್ವಲ್ಪ ಬಿಗಿ ಎನ್ನಿಸತೊಡಗಿತು. ಡಾಕ್ಟರರಿಗೆ ಫೋನ್ ಮಾಡಿದರೆ, ಗೇರ್ ಎಣ್ಣೆ ಬದಲಿಸುವ ಹೊತ್ತಾಗಿದೆ, ಪುಸ್ತಕದಲ್ಲಿ ಎಲ್ಲ ಇದೆ ನೋಡಿ ಎಂದರು. ಕಾರಿನ ಪುಸ್ತಕವನ್ನು ಅವರು ಬಟ್ಟೆಯ ಚೀಲವೊಂದರಲ್ಲಿ ಹಾಕಿ ಕೊಟ್ಟಿದ್ದರು. ಅದು ಡ್ಯಾಶ್ ಬೋರ್ಡಿನ ಡಬ್ಬಿಯಲ್ಲಿ ನನ್ನ ಸೀಮೆಸುಣ್ಣದ ಪೆಟ್ಟಿಗೆಯ ಕೆಳಗೆ ಬಿದ್ದಿತ್ತು. ನಾನು ಅದನ್ನು ತೆರೆಯಲಿಲ್ಲ. ಪುಸ್ತಕ ಓದದ ಮಕ್ಕಳನ್ನು ನಿಲ್ಲಿಸಿ ಬೈಯುವ ನಾನು, ಎರಡು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ.

ಎಣ್ಣೆಯ ಡಬ್ಬಿಯ ಮೇಲೆ ಎರಡು ಲೆಕ್ಕ ಇರುತ್ತವೆ. ಮೊದಲನೆಯದು ದಪ್ಪದ್ದು. ಚಳಿಯಲ್ಲಿ ಎಷ್ಟು ತೆಳುವಾಗಿರುತ್ತದೆ, ಕಾದ ಮೇಲೆ ಎಷ್ಟು ಗಟ್ಟಿ ನಿಲ್ಲುತ್ತದೆ ಎನ್ನುವುದು. ಟ್ರ್ಯಾಕ್ಟರಿನವರು ಬಳಸುವ ತೊಂಬತ್ತು ನಂಬರಿನ ದಪ್ಪ ಎಣ್ಣೆ ಈ ಕಾರಿಗೆ ಬೇಡ, ಎಪ್ಪತ್ತೈದು-ತೊಂಬತ್ತು ಬೇಕು ಎಂದು ತೀರ್ಮಾನಿಸಿದೆ. ಅದು ಸರಿಯಾಗಿಯೇ ಇತ್ತು. ಎರಡನೆಯ ಲೆಕ್ಕದಲ್ಲಿ ಎಡವಿದೆ. ಜಿಎಲ್-4 ಎಂದೊಂದು, ಜಿಎಲ್-5 ಎಂದೊಂದು. ಒಂದು ವಿಡಿಯೋದಲ್ಲಿ ಒಬ್ಬ ಐದನ್ನು ಹೊಗಳಿ ಹೊಗಳಿ ಹೇಳಿದ. ಓಟದ ಕಾರುಗಳಿಗೆ ಇದೇ ಎಂದ. ನಾನು ಹದಿನೆಂಟು ವರ್ಷ ಉತ್ತರ ಪತ್ರಿಕೆ ತಿದ್ದಿದವಳು. ನಾಲ್ಕು ಅಂಕಕ್ಕಿಂತ ಐದು ಅಂಕ ಹೆಚ್ಚು ಎನ್ನುವುದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗಲಿಲ್ಲ. ಬೆಳಗಾವಿಯಿಂದ ಐದನೆಯದನ್ನು ತರಿಸಿದೆ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಡಬ್ಬಿ ಹಿಡಿದು ಚಾಚಾನ ಗ್ಯಾರೇಜಿಗೆ ಹೋದೆ. ಹಳೆಯ ಎಣ್ಣೆ ಇಳಿಯುತ್ತಿರುವಾಗ ಚಾಚಾ ನನ್ನ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಒಂದು ಹನಿ ಬೆರಳಿಗೆ ಹಚ್ಚಿಕೊಂಡು ತಿಕ್ಕಿದರು. ಮತ್ತೆ ಮೂಸಿದರು.

"ಬಾಯಾರ, ಇದರಾಗ ಗಂಧಕ ಭಾಳ ಐತ್ರಿ."

"ಇರತೈತಿ ಚಾಚಾ. ಗೇರಿನ ಹಲ್ಲು ಸವೀಬಾರದಂತ ಹಾಕಿರತಾರ."

"ಅದ ಖರೇ ಐತ್ರಿ. ಆದ್ರ ನಿಮ್ಮ ಗಾಡಿ ಗೇರಿನಾಗ ಹಿತ್ತಾಳಿ ರಿಂಗ್ ಅದಾವ. ಹಿತ್ತಾಳಿಗೂ ಈ ಎಣ್ಣಿಗೂ ಕೂಡಿ ಬರೂದಿಲ್ಲ. ಹಿಂದಿನ ಗಾಲಿ ತಿರಗಸೂ ಡಬ್ಬಿಗೆ ಇದು ಬೇಷ್. ಗೇರಿಗೆ ನಾಲ್ಕ ನಂಬರಿಂದ ಹಾಕೂಣ್ರಿ."

"ನಾಲ್ಕಕ್ಕಿಂತ ಐದು ಮ್ಯಾಲಿಂದಲ್ಲೇನು?"

"ಮ್ಯಾಲ ಕೆಳಗ ಅಂತಿಲ್ರಿ. ಅದರ ಕೆಲಸ ಬ್ಯಾರೆ, ಇದರ ಕೆಲಸ ಬ್ಯಾರೆ." ಡಬ್ಬಿಯ ಮುಚ್ಚಳ ಹಾಕುತ್ತಾ, "ಗಾಡಿ ಪುಸ್ತಕ ಏನ ಹೇಳತೈತ್ರಿ?" ಎಂದು ಕೇಳಿದರು.

ಕೂರಲು ಹಾಕಿದ್ದ ಮರದ ಬಾಕಿನ ಮೇಲೆ ಪರ ಊರಿನ ಗಿರಾಕಿಯೊಬ್ಬರು ಚಹಾ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ನಗು ಇತ್ತೋ ಇಲ್ಲವೋ, ನನಗೆ ಮಾತ್ರ ಇದ್ದಂತೆ ಕಂಡಿತು. ಪೆಟ್ರೋಲ್ ಬಂಕಿನವರು, ಕಬ್ಬಿನ ಗಾಡಿಯವನು, "ನಿನಗ ಸುಲಭ ಆಗತೈತಿ" ಎಂಬ ಮಾತು, ಎಲ್ಲ ಒಟ್ಟಿಗೆ ನೆನಪಾದವು.

"ಪುಸ್ತಕ ನೋಡೇನಿ ಚಾಚಾ," ಎಂದು ಸುಳ್ಳು ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ನಾ ಕಲಸೂದ ಕೆಮಿಸ್ಟ್ರಿ. ಗಂಧಕದ ಬಗ್ಗೆ ನನಗ ಹೇಳಬ್ಯಾಡ್ರಿ," ಎಂದೂ ಸೇರಿಸಿದೆ.

ಬಾಕಿನ ಮೇಲಿದ್ದವರು ಭೇಷ್ ಎನ್ನುವಂತೆ ತಲೆಯಾಡಿಸಿದರು. ಚಾಚಾ ಮೊಳೆಯಿಂದ ಲೋಟ ತೆಗೆದು, ಒಗೆದ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ನನ್ನ ಎಣ್ಣೆಯನ್ನು ಅದರ ತುಂಬ ಹೊಯ್ದು ನನ್ನ ಕೈಗೆ ಕೊಟ್ಟರು. ನಾನು ಸುರಿದೆ. ಜೇನಿನ ಬಣ್ಣದ ಎಣ್ಣೆ ಲಾಳಿಕೆಯಲ್ಲಿ ನಿಧಾನವಾಗಿ ಇಳಿಯಿತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿತ್ತು. ಬೇಸಿಗೆ ಬರುವ ಹೊತ್ತಿಗೆ ಎರಡರಿಂದ ಮೂರಕ್ಕೆ ಹಾಕುವಾಗ ಒಂದು ಸಣ್ಣ ಕರಕರ ಶುರುವಾಯಿತು. ಗೇರು ಬದಲಿಸುವಾಗ ಆ ಹಿತ್ತಾಳೆಯ ಉಂಗುರ ಮುಂದಿನ ಗೇರನ್ನು ಹಿಡಿದು, ಎರಡರ ವೇಗವನ್ನೂ ಸಮ ಮಾಡಿ ಜೋಡಿಸಬೇಕು. ಉಂಗುರಕ್ಕೆ ಹಿಡಿತ ಸಿಗದಿದ್ದರೆ ಹಲ್ಲಿಗೆ ಹಲ್ಲು ತಿಕ್ಕುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಮಾಡಿದ್ದೇನೆಂದರೆ, ಕರಕರ ಕೇಳಿಸದಂತೆ ಹಾಡು ಜೋರಾಗಿ ಹಚ್ಚಿದ್ದು. ಅರಭಾವಿಯ ಬಸ್ ನಿಲ್ದಾಣದ ಮುಂದೆ ಬರುವ ಮೊದಲೇ ಮೂರನೇ ಗೇರು ಹಾಕಿಬಿಡುತ್ತಿದ್ದೆ, ಅಲ್ಲಿ ನಿಂತ ಮಕ್ಕಳಿಗೆ ಸದ್ದು ಕೇಳಿಸಬಾರದೆಂದು. ಚಾಚಾನ ಬಳಿಗೆ ಹೋಗಲಿಲ್ಲ. ಹೋದರೆ ಏನು ಹೇಳುತ್ತಾರೆ ಎನ್ನುವುದು ನನಗೆ ಗೊತ್ತಿತ್ತು.

ಶ್ರಾವಣದಲ್ಲಿ ಪಂಚಮಿಗೆ ಹುಕ್ಕೇರಿಗೆ ಹೋದೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೆ ಇರುವುದಿಲ್ಲ. ಧುಪದಾಳ ದಾಟಿದ ಮೇಲೆ ಮೂರನೇ ಗೇರು ಎರಡು ಸಲ ಬೀಳಲೇ ಇಲ್ಲ. ನಾಲ್ಕರಲ್ಲೇ ಎಳೆದುಕೊಂಡು ಹೋದೆ. ಮಧ್ಯಾಹ್ನ ಊಟ ಮುಗಿದು, ಕಟ್ಟೆಯ ಮೇಲೆ ಬಂಧುಬಳಗವೆಲ್ಲ ಉಂಡಿ ತಿನ್ನುತ್ತಾ ಕುಳಿತಿದ್ದಾಗ ಅಣ್ಣ ಕೀಲಿಕೈ ಇಸಿದುಕೊಂಡ. "ನೋಡೂಣು ತಂಗಿ ನಿನ್ನ ರಥ," ಎಂದು ಕಾರು ತೆಗೆದ. ಮನೆಯ ಮುಂದಿನ ರಸ್ತೆಯಲ್ಲೇ ಎರಡರಿಂದ ಮೂರಕ್ಕೆ ಎಳೆದ. ಜೋಳದ ಗಿರಣಿಯಲ್ಲಿ ಕಲ್ಲು ಸಿಕ್ಕಿದಂತೆ ಸದ್ದಾಯಿತು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಅಣ್ಣ ಇಳಿದು ಬಂದ. ಟ್ರ್ಯಾಕ್ಟರಿನ ಸದ್ದಿನಲ್ಲೇ ಬೆಳೆದವನು, ಅವನಿಗೆ ತಕ್ಷಣ ಗೊತ್ತಾಯಿತು.

"ಗೇರ್ ಬಾಕ್ಸ್ ಹಾಳಾಗೈತಲ್ಲ. ಎಣ್ಣಿ ಯಾರ ಕಡೆ ಹಾಕ್ಸಿದಿ?"

"ಚಾಚಾನ ಕಡೆ," ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದೆನಲ್ಲ, ಅದು ಸುಳ್ಳಿಗಿಂತ ಕೆಟ್ಟದ್ದು. ಎಣ್ಣೆ ತಂದವಳು ನಾನು, ಬೇಡವೆಂದರೂ ಕೇಳದವಳು ನಾನು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಕಟ್ಟೆಯ ಮೇಲೆ ಕುಳಿತವರನ್ನು ನೋಡಿದೆ. ಚಿಕ್ಕಪ್ಪನ ತುಟಿಯ ತುದಿಯಲ್ಲಿ ಆಗಲೇ ನಗು ತಯಾರಿತ್ತು.

ಅಣ್ಣ ಅಲ್ಲೇ ನಿಂತು ಚಾಚಾನಿಗೆ ಫೋನ್ ಹಚ್ಚಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಏನ್ ಚಾಚಾ, ನಮ್ಮ ತಂಗಿ ಗಾಡಿಗೆ ಎಂಥಾ ಎಣ್ಣಿ ಹಾಕಿದಿ? ಬಾಕ್ಸ್ ಹ್ವಾದಂಗ ಐತಿ."

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಚಾಚಾ, "ಬಾಯಾರು ಬಾಜೂ ಅದಾರೇನ್ರಿ?" ಎಂದು ಕೇಳಿದರು.

"ಅದಾಳ. ಇಲ್ಲೇ ನಿಂತಾಳ."

ಚಾಚಾ ಕಾದರು. ನನಗಾಗಿ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಣ್ಣನ ಕೈಯಲ್ಲಿದ್ದ ಫೋನ್ ನನ್ನಿಂದ ಒಂದು ಮಾರು ದೂರದಲ್ಲಿತ್ತು. ನಾನು ಸೆರಗಿನ ತುದಿ ತಿರುವುತ್ತಾ ಕಾರಿನ ಗಾಲಿಯನ್ನು ನೋಡುತ್ತಾ ನಿಂತೆ.

"ಹಂಗಾರ ನನ್ನ ಕಡಿಂದನ ತಪ್ಪಾಗಿರಬೇಕ್ರಿ," ಎಂದರು ಚಾಚಾ.

ಅಣ್ಣ ಬಾಯಿಗೆ ಬಂದಂತೆ ಬೈದ. ಅವನ ಜೊತೆ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯನನ್ನು ಹಬ್ಬದ ದಿನ ಹತ್ತು ಜನರ ಮುಂದೆ, "ವಯಸ್ಸಾತು, ಇನ್ನ ಬಿಟ್ಟ ಬಿಡು ಕೆಲಸ," ಎಂದ. ಚಾಚಾ, "ಹೂಂನ್ರಿ," ಎಂದಷ್ಟೇ ಅಂದು ಇಟ್ಟರು. ಅತ್ತಿಗೆ ನನಗೆ ಉಂಡಿ ಕೊಟ್ಟಳು. ನಾನು ತಿಂದೆ. ಆ ಉಂಡಿ ಗಂಟಲಿನಲ್ಲಿ ಇಳಿಯಿತಲ್ಲ ಎಂದು ನನಗೆ ಇವತ್ತಿಗೂ ಆಶ್ಚರ್ಯ.

ಕಬ್ಬಿನ ಕಾರ್ಖಾನೆಗಳು ಶುರುವಾಗುವ ಮೊದಲು, ಶ್ರಾವಣದಿಂದ ದಸರೆಯವರೆಗಿನ ಎರಡು ತಿಂಗಳು, ಟ್ರ್ಯಾಕ್ಟರುಗಳೆಲ್ಲ ಗ್ಯಾರೇಜಿಗೆ ಬರುತ್ತವೆ. ಚಾಚಾನಂಥವರಿಗೆ ವರ್ಷದ ಸುಗ್ಗಿ ಅದೇ. ಆ ವರ್ಷ ಅಣ್ಣ ತನ್ನ ಟ್ರ್ಯಾಕ್ಟರುಗಳನ್ನೆಲ್ಲ ಬೇರೆ ಗ್ಯಾರೇಜಿಗೆ ಕಳಿಸಿದ. ಅವನನ್ನು ನೋಡಿ ಅವನ ಜೊತೆಯ ಗುತ್ತಿಗೆದಾರರೂ ಕಳಿಸಿದರು. ಗಣಪತಿಯ ಹೊತ್ತಿಗೆ ನಾನು ಚಾಚಾನ ಗ್ಯಾರೇಜಿನ ಮುಂದೆ ಹಾದು ಹೋದೆ. ಬೇರೆ ವರ್ಷ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಗ ಅಂಗಳದಲ್ಲಿ ಒಂದು ಹಳೆಯ ಜೀಪು, ಎರಡು ಮೋಟರ್ ಸೈಕಲ್ಲು. ಚಾಚಾ ಬಾಕಿನ ಮೇಲೆ ಕುಳಿತು ನಟ್ಟು ಬಿಚ್ಚುವ ಪಾನಾವನ್ನು ಒರೆಸಿದ್ದೇ ಒರೆಸುತ್ತಿದ್ದರು. ಮರುದಿನದಿಂದ ನಾನು ಬೇರೆ ರಸ್ತೆ ಹಿಡಿದೆ.

ಮೂಡಲಗಿಗೂ ಸುದ್ದಿ ಬಂತು. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಸರ್ ಒಬ್ಬರು, "ಗೋಕಾಕದಾಗ ಒಬ್ಬ ಮಿಸ್ತ್ರಿ ಅದಾನಂತ. ಯಾವ ಗಾಡಿಗೆ ಯಾವ ಎಣ್ಣಿ ಅನ್ನೂದ ಗೊತ್ತಿಲ್ಲಂತ," ಎಂದು ಹೇಳಿ ನಕ್ಕರು. ನಾನು ಹಾಜರಿ ಪುಸ್ತಕ ತೆರೆದು ಕುಳಿತೆ.

ಅದಾದ ಕೆಲವೇ ದಿನಕ್ಕೆ ಪ್ರಯೋಗಾಲಯದಲ್ಲಿ ಲವಣ ಪರೀಕ್ಷೆಯ ಪಾಠ. ತಾಮ್ರದ ನೀಲಿ ದ್ರಾವಣಕ್ಕೆ ಗಂಧಕದ ಆ ಕೊಳೆತ ವಾಸನೆಯ ಅನಿಲ ಹಾಯಿಸಿದರೆ ಕಪ್ಪಗೆ ಗಸಿ ಕೂರುತ್ತದೆ. ಹದಿನೆಂಟು ವರ್ಷ ಮಾಡಿ ತೋರಿಸಿದ್ದೇನೆ. ಪ್ರತಿ ವರ್ಷ ಹೇಳುವಂತೆಯೇ, "ತಾಮ್ರವೂ ಗಂಧಕವೂ ಕೂಡಿದರೆ ಸುಮ್ಮನಿರುವುದಿಲ್ಲ, ನೆನಪಿಡಿ," ಎಂದೆ. ಅಂದವಳು ಹಾಗೇ ನಿಂತುಬಿಟ್ಟೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಎನ್ನುವುದು ನನಗೆ ಹೊಸದೇನೂ ಅಲ್ಲ. ಅದನ್ನು ಎಂಟನೆಯ ತರಗತಿಯಲ್ಲೇ ಕಲಿತಿದ್ದೆ. ಗಂಧಕದ ಬಗ್ಗೆ ನನಗೆ ಹೇಳಬೇಡಿ ಎಂದಿದ್ದೆನಲ್ಲ, ನನಗೆ ಹೇಳಲೇಬೇಕಾಗಿದ್ದದ್ದು ಅದೊಂದೇ ಆಗಿತ್ತು.

ಮಧ್ಯಾಹ್ನ ಕಾರಿನಲ್ಲಿ ಕುಳಿತು ಸೀಮೆಸುಣ್ಣದ ಪೆಟ್ಟಿಗೆ ಸರಿಸಿ ಪುಸ್ತಕ ತೆಗೆದೆ. ಹುಡುಕಲು ಎರಡು ನಿಮಿಷ ಹಿಡಿಯಲಿಲ್ಲ. ಗೇರ್ ಬಾಕ್ಸಿಗೆ ಜಿಎಲ್-4 ಮಾತ್ರ, ಹಿಂದಿನ ಗಾಲಿಗಳ ಡಬ್ಬಿಗೆ ಜಿಎಲ್-5. ಚಾಚಾ ಬೆರಳಿಗೆ ಹಚ್ಚಿ ಮೂಸಿ ಹೇಳಿದ್ದನ್ನೇ ಪುಸ್ತಕವೂ ಹೇಳಿತ್ತು. ಎಲ್ಲ ಐದನೆಯ ಎಣ್ಣೆಗಳೂ ಹಿತ್ತಾಳೆ ತಿನ್ನುವುದಿಲ್ಲ ಎಂದು ಆಮೇಲೆ ಎಲ್ಲೋ ಓದಿದೆ. ಅದನ್ನು ಹಿಡಿದುಕೊಂಡು ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳಲು ಒಂದು ದಿನ ಪ್ರಯತ್ನಪಟ್ಟೆ ಎನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಶನಿವಾರ ಕಾರನ್ನು ಚಾಚಾನ ಗ್ಯಾರೇಜಿಗೆ ಒಯ್ದೆ. ಅವರು ಬರ್ರಿ ಎಂದರು, ಕುರ್ಚಿ ಒರೆಸಿ ಹಾಕಿದರು. ಎಣ್ಣೆ ಇಳಿಸಿದರು. ಜೇನಿನ ಬಣ್ಣ ಹೋಗಿ ಕಪ್ಪಾಗಿತ್ತು. ಬಿಸಿಲಿಗೆ ಹಿಡಿದರೆ ಅದರ ತುಂಬ ಹಳದಿಯ ಸಣ್ಣ ಪುಡಿ ಮಿನುಗುತ್ತಿತ್ತು. ಸಂಜೆಯ ಹೊತ್ತಿಗೆ ಗೇರ್ ಬಾಕ್ಸ್ ಬಿಚ್ಚಿ ಮೂರನೇ ಗೇರಿನ ಉಂಗುರವನ್ನು ನನ್ನ ಅಂಗೈಯಲ್ಲಿ ಇಟ್ಟರು. ಒಳಗಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿ, ಅಲ್ಲಲ್ಲಿ ಕಪ್ಪಗಾಗಿದ್ದವು.

ನಾನು ಎಲ್ಲವನ್ನೂ ಹೇಳಿದೆ. ಪುಸ್ತಕ ನೋಡಿರಲಿಲ್ಲ ಎಂದೆ. ಬಾಕಿನ ಮೇಲಿದ್ದ ಗಿರಾಕಿಯ ಮುಂದೆ ಸಣ್ಣವಳಾಗಬಾರದು ಎಂದು ಹಾಗೆ ಮಾತಾಡಿದೆ ಎಂದೆ. ಹುಕ್ಕೇರಿಯಲ್ಲಿ ಫೋನಿನ ಹತ್ತಿರವೇ ನಿಂತಿದ್ದೆ ಎಂದೆ. ಅಳು ಬಂತು. ಅತ್ತೆ. ತಪ್ಪಾಯ್ತು ಚಾಚಾ ಎಂದೆ.

ಅವರು ಸಮಾಧಾನ ಮಾಡುತ್ತಾರೆ, ಹೋಗಲಿ ಬಿಡ್ರಿ ಎನ್ನುತ್ತಾರೆ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಚಾಚಾ ಉಂಗುರವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನನ್ನ ಮುಂದ ಹೇಳಿ ಏನ ಮಾಡತೀರಿ ಬಾಯಾರ? ನನಗ ಮೊದಲ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳಬೇಕಾಗಿತ್ರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಆವತ್ತ ನೀವ್ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕೇಳುವ ಮುಖ ನನಗಿರಲಿಲ್ಲ, ಆದರೂ ಕೇಳಿದೆ.

"ಹಬ್ಬಕ್ಕ ತವರಮನಿಗೆ ಬಂದ ಹೆಣ್ಣಮಗಳನ್ನ ಹತ್ತ ಮಂದಿ ಮುಂದ ಸುಳ್ಳ ಮಾಡಲೇನ್ರಿ? ನೀವ ಹೇಳತೀರಿ ಅಂತ ತಡದೆ. ಹೇಳಲಿಲ್ಲ. ಮುಗೀತು."

ಮರುದಿನ ಬಸ್ಸಿನಲ್ಲಿ ಹುಕ್ಕೇರಿಗೆ ಹೋದೆ. ಕಾರಿನ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಪಾಠ ಮಾಡಿಕೊಂಡೆ. ಅಣ್ಣ ಕಟ್ಟೆಯ ಮೇಲೆಯೇ ಇದ್ದ. ನೀರು ಕೂಡ ಕುಡಿಯದೆ ಹೇಳಿದೆ. ಎಣ್ಣೆ ತಂದವಳು ನಾನು, ಚಾಚಾ ಬೇಡವೆಂದಿದ್ದರು, ಮೊದಲ ಲೋಟ ಸುರಿದದ್ದೂ ನಾನೇ, ಎಂದು ಒಂದೂ ಬಿಡದೆ ಹೇಳಿದೆ. ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

ಅಣ್ಣ ಪೂರ್ತಿ ಕೇಳಿದ. ಆಮೇಲೆ ನಕ್ಕ. ಪ್ರೀತಿಯ ನಗುವೇ ಅದು.

"ನಿನ್ನ ಮನಸ್ಸ ಸಣ್ಣಕ್ಕಿದ್ದಾಗಿಂದ ಹಿಂಗ ತಂಗಿ. ಮುದುಕ ಕಣ್ಣೀರ ಹಾಕಿರಬೇಕು, ನೀ ಅಂವನ ಉಳಸಾಕ ಬಂದೀ."

"ಖರೇ ಹೇಳಾಕತ್ತೇನಿ ಅಣ್ಣಾ. ನಾನ ಆರಿಸಿದ ಎಣ್ಣಿ ಅದು."

"ನಿನಗೇನ ತಿಳೀತೈತಿ ಗೇರ್ ಎಣ್ಣಿದು? ಅಂವ ತಾನ ಒಪ್ಪಿಕೊಂಡಾನ ನನ್ನ ಮುಂದ. ಎಲ್ಲಾರೂ ಕೇಳ್ಯಾರ. ತಪ್ಪಿಲ್ಲದ ಯಾರರ ಒಪ್ಪತಾರೇನು?"

ನಾನು ಜೋರು ಮಾಡಿದೆ, ಜಗಳವಾಡಿದೆ. ನನ್ನ ಜೋರೂ ಅವನಿಗೆ ಮಮತೆಯಾಗಿ ಕಂಡಿತು. ಅಲ್ಲದೆ ಅವನ ಟ್ರ್ಯಾಕ್ಟರುಗಳೆಲ್ಲ ಆಗಲೇ ಬೇರೆ ಗ್ಯಾರೇಜಿನಲ್ಲಿ ತಯಾರಾಗಿ ನಿಂತಿದ್ದವು. ನನ್ನನ್ನು ನಂಬಿದರೆ ಹಬ್ಬದ ದಿನ ಆಡಿದ ಮಾತುಗಳನ್ನು ಅವನು ಹಿಂದಕ್ಕೆ ತಗೊಳ್ಳಬೇಕಾಗುತ್ತಿತ್ತು. ನಂಬದಿರುವುದೇ ಅವನಿಗೆ ಸುಲಭವಾಯಿತು. ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. ಅಂಥದ್ದೇ ಸುಲಭವನ್ನು ನಾನು ಅವನಿಗಿಂತ ಮೊದಲೇ ಹುಡುಕಿಕೊಂಡಿದ್ದೆ.

ಸೋಮವಾರ ಸ್ಟಾಫ್ ರೂಮಿನಲ್ಲಿಯೂ ಹೇಳಿದೆ. ಭೌತಶಾಸ್ತ್ರದ ಸರ್ ಕನ್ನಡಕ ತೆಗೆದು, "ಒಬ್ಬ ಮಿಸ್ತ್ರಿ ಸಲುವಾಗಿ ತಪ್ಪನ್ನ ತಮ್ಮ ಮ್ಯಾಲ ಹಾಕ್ಕೋತೀರಲ್ಲ ಮೇಡಂ, ದೊಡ್ಡ ಮನಸ್ಸು ನಿಮ್ದು," ಎಂದರು. ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ಗಾಡಿಯ ವಿಷಯ ನನಗೂ ತಿಳಿಯುತ್ತದೆ ಎಂದು ತೋರಿಸಲು ಹೋಗಿ ಆದದ್ದು ಇದೆಲ್ಲ. ಈಗ ತಪ್ಪು ಮಾಡುವಷ್ಟು ಕೂಡ ನನಗೆ ಗಾಡಿಯ ವಿಷಯ ತಿಳಿದಿರಲಿಕ್ಕಿಲ್ಲ ಎಂದು ಜನ ತೀರ್ಮಾನಿಸಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊಸ ಉಂಗುರಗಳನ್ನು ಕೊಲ್ಹಾಪುರದ ಡಾಕ್ಟರರೇ ಹುಡುಕಿಸಿ ಕಳಿಸಿದರು. ಚಾಚಾ ಒಬ್ಬರೇ ಕೂತು ಎರಡು ವಾರ ಕೆಲಸ ಮಾಡಿದರು. ಅವರಿಗೆ ಬೇರೆ ಕೆಲಸವೂ ಇರಲಿಲ್ಲ. ಎಲ್ಲ ಜೋಡಿಸಿ ಮುಗಿಸಿದ ದಿನ, ಕಾಲೇಜು ಬಿಟ್ಟ ಮೇಲೆ ನಾನು ಹೋದೆ. ಜಿಎಲ್-4 ಎಣ್ಣೆಯ ಡಬ್ಬಿಗಳನ್ನು ಒಯ್ದಿದ್ದೆ. ಡಬ್ಬಿಯ ಮೇಲಿನ ಅಕ್ಷರಗಳನ್ನು ಅಂಗಡಿಯಲ್ಲೇ ಪುಸ್ತಕದ ಜೊತೆ ಹಿಡಿದು ಓದಿ ತಂದಿದ್ದೆ. ಹುಕ್ಕೇರಿಯಲ್ಲಿ ಆದದ್ದನ್ನು ಚಾಚಾನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೊತ್ತ ಮೀರಿತ್ತಲ್ರಿ," ಎಂದರು.

ಲಾಳಿಕೆ ಇಟ್ಟರು. ಡಬ್ಬಿ ತೆರೆದು ಮೂಸಿ, ಬೆರಳಿಗೆ ಹಚ್ಚಿ ನೋಡಿ, "ಹಾಂ, ಇದು ಖರೇ," ಎಂದರು. ಮೊಳೆಯಿಂದ ಲೋಟ ತೆಗೆದು ಒರೆಸಿದರು, ತುಂಬಿದರು. ನಾನು ವ್ಯಾನಿಟಿ ಬ್ಯಾಗನ್ನು ಬಾಕಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಹತ್ತಿರ ಹೋಗಿ ಕೈ ಮುಂದೆ ಮಾಡಿದೆ.

ಚಾಚಾ ಲೋಟ ಕೊಡಲಿಲ್ಲ.

"ಇರಲಿ ಬಿಡ್ರಿ ಬಾಯಾರ. ಈ ಸಲ ನಾನ ಹಾಕತೇನಿ."

"ಪದ್ಧತಿ ಐತಲ್ಲ ಚಾಚಾ, ಮಾಲಕರ ಕೈಲೆ ಹಾಕಸೂದು."

ಅವರು ಲಾಳಿಕೆಯ ಕಡೆ ಬಗ್ಗಿ, ನನ್ನ ಮುಖ ನೋಡದೆ ಹೇಳಿದರು. "ಪದ್ಧತಿ ಐತ್ರಿ. ನಾಳೆ ಏನರ ಆದ್ರ ನನ್ನ ಮ್ಯಾಲ ಬರತೈತಿ. ಬರೂದ ಬರತೈತಿ ಅಂದ ಮ್ಯಾಲ ನನ್ನ ಕೈಲೆನ ಹಾಕಿ ಬಿಡತೇನಿ."

ಎಣ್ಣೆ ಇಳಿಯುವವರೆಗೂ ನಾನು ಅಲ್ಲೇ ಕೈ ಚಾಚಿಕೊಂಡು ನಿಂತಿದ್ದೆ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕೂಡ ತೋಚಲಿಲ್ಲ. ಚಾಚಾ ಖಾಲಿ ಲೋಟ ಒರೆಸಿ ಮೊಳೆಗೆ ಹಾಕಿದರು.

ಈಗ ಮೂರನೇ ಗೇರು ಸದ್ದಿಲ್ಲದೆ ಬೀಳುತ್ತದೆ. ಗೋಕಾಕದಿಂದ ಮೂಡಲಗಿಗೆ ದಿನವೂ ಅದೇ ಕಾರಿನಲ್ಲಿ ಹೋಗಿ ಬರುತ್ತೇನೆ. ಚಾಚಾ ಈಗ ಗೇರ್ ಬಾಕ್ಸ್ ಕೆಲಸ ಮಾಡುವುದಿಲ್ಲ, ಯಾರೂ ತರುವುದಿಲ್ಲ. ಮೋಟರ್ ಸೈಕಲ್ಲುಗಳ ಸಣ್ಣಪುಟ್ಟ ಕೆಲಸ ಮಾಡುತ್ತಾರೆ. ಆ ರಸ್ತೆಯನ್ನು ನಾನು ಮತ್ತೆ ಬಿಟ್ಟಿಲ್ಲ. ಮುಂದೆ ಹಾದು ಹೋಗುವಾಗ ಅವರು ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಲೋಟ ಆ ಮೊಳೆಯಲ್ಲೇ ಇದೆ.